ಕಾಂಪಿಟಿಶನ್ ರೋಬೋಟ್ ವೈರಿಂಗಿಗೆ ಕಲರ್ ಕೋಡ್ ಸಾಕಾ, ಲೇಬಲ್ಲೂ ಬೇಕಾ?

ಕಲರ್ ಒಂದೇ ಸಾಲಲ್ಲ ರೀ. ನಾನು ಇಲ್ಲಿ ದಾವಣಗೆರೆಲಿ ಇಂಜಿನಿಯರಿಂಗ್ ಹುಡುಗ್ರ ಟೀಮಿಗೆ ವೈರಿಂಗ್ ಹೇಳ್ಕೊಡ್ತೀನಿ. ಕೆಂಪು ಪ್ಲಸ್, ಕಪ್ಪು ಮೈನಸ್ ಅನ್ನೋದು ಇರ್ಲೇಬೇಕು, ಆದ್ರೆ ನಾಲ್ಕು ಮೋಟ್ರು ಇದ್ರೆ ನಾಲ್ಕು ಕೆಂಪು ವೈರ್ ಬರ್ತಾವಲ್ಲ, ಮ್ಯಾಚಿಗೆ ಎರಡು ನಿಮಿಷ ಇರೋವಾಗ ಯಾವ್ದು ಯಾವ್ದರದ್ದು ಅಂತ ಹುಡುಕ್ತಾ ಕೂರೋಕಾಗಲ್ಲ.

ಪ್ರತಿ ವೈರಿನ ಎರಡೂ ತುದಿಗೆ ಒಂದೇ ಹೆಸರು ಹಾಕ್ರಿ. ಹೆಸರು ಅದು ಮಾಡೋ ಕೆಲ್ಸದ ಮೇಲಿರ್ಲಿ, "ಎಡ-ಮುಂದೆ", "ಕೈ-ಮೇಲೆ" ಹಂಗೆ. "ಪೋರ್ಟ್ 3" ಅಂತ ಬರೆದ್ರೆ, ಮೋಟ್ರು ಓಡಿಸೋ ಡ್ರೈವರ್ ಬೋರ್ಡ್ ಸುಟ್ಟು ಬೇರೆ ಪೋರ್ಟಿಗೆ ಚುಚ್ಚಿದ ದಿನ ಆ ಲೇಬಲ್ ಸುಳ್ಳಾಗುತ್ತೆ. ಮಾಸ್ಕಿಂಗ್ ಟೇಪ್ ಬೇಡ, ನಮ್ಮೂರ ಏಪ್ರಿಲ್ ಬಿಸಿಲಿಗೆ ಅದರ ಗಮ್ ಬಿಟ್ಕೊಂಡು ಲೇಬಲ್ ಜಾರ್ತೈತೆ. ಸಣ್ಣ ಪೇಪರ್ ಚೀಟಿ ಸುತ್ತಿ ಮೇಲೆ ಟ್ರಾನ್ಸ್‌ಪರೆಂಟ್ ಹೀಟ್ ಶ್ರಿಂಕ್ (ಬಿಸಿ ಮಾಡಿದ್ರೆ ಕುಗ್ಗಿ ಹಿಡ್ಕೊಳ್ಳೋ ಪ್ಲಾಸ್ಟಿಕ್ ಕೊಳವೆ) ಹಾಕ್ರಿ, ಅದೂ ಕನೆಕ್ಟರ್ ಕ್ರಿಂಪ್ ಮಾಡೋಕೆ (ಒತ್ತಿ ಕೂರಿಸೋಕೆ) ಮುಂಚೆನೇ ತೂರಿಸ್ಬೇಕು, ಆಮೇಲೆ ಹೋಗಲ್ಲ.

ಇನ್ನೊಂದು ಮುಖ್ಯ ವಿಷ್ಯ, ಲೂಸ್ ಕನೆಕ್ಷನ್ ಇದ್ರೆ ಎಂಥಾ ಲೇಬಲ್ ಇದ್ರೂ ಉಪಯೋಗಿಲ್ಲ. ಮನೆ ವೈರಿಂಗಿನ ಸಿಂಗಲ್ ಕೋರ್ ದಪ್ಪ ತಂತಿ ರೋಬೋಟಿಗೆ ಹಾಕ್ಲೇಬೇಡ್ರಿ, ಅಲುಗಾಡಿ ಅಲುಗಾಡಿ ಮುರಿಯುತ್ತೆ, ಸಣ್ಣ ಸಣ್ಣ ಎಳೆ ಸೇರಿರೋ ಮಲ್ಟಿ ಸ್ಟ್ರಾಂಡ್ ಸಿಲಿಕೋನ್ ವೈರ್ ತಗೊಳ್ರಿ. ಸ್ಕ್ರೂ ಟರ್ಮಿನಲ್ಲಿಗೆ ಹೋಗೋ ತುದಿಗೆ ಸೋಲ್ಡರ್ ಸವರೋದು ತುಂಬ ಜನ ಮಾಡ್ತಾರೆ, ಆದ್ರೆ ಸೋಲ್ಡರ್ ಮೆತ್ತಗಿನ ಲೋಹ, ಸ್ಕ್ರೂ ಒತ್ತಡಕ್ಕೆ ನಿಧಾನಕ್ಕೆ ಹರಡಿ ಹಿಡಿತ ಸಡಿಲ ಆಗುತ್ತೆ. ಅದರ ಬದ್ಲು ಫೆರುಲ್ (ಎಳೆಗಳನ್ನ ಒಟ್ಟಿಗೆ ಹಿಡಿಯೋ ಸಣ್ಣ ಲೋಹದ ಕೊಳವೆ) ಹಾಕಿ ಕ್ರಿಂಪ್ ಮಾಡಿ, ಒಂದೊಂದನ್ನೂ ಕೈಲಿ ಎಳೆದು ನೋಡ್ರಿ.

ಎನ್‌ಕೋಡರ್ (ಮೋಟ್ರು ಎಷ್ಟು ತಿರುಗ್ತು ಅಂತ ಹೇಳೋ ಸೆನ್ಸರ್) ವೈರನ್ನ ಮೋಟ್ರು ವೈರ್ ಜೊತೆ ಒಂದೇ ಜಿಪ್ ಟೈನಲ್ಲಿ ಕಟ್ಬೇಡ್ರಿ, ದಾಟ್ಲೇಬೇಕಾದ್ರೆ ಅಡ್ಡಡ್ಡ ದಾಟ್ಸಿ. ಕ್ಯಾನ್ ಬಸ್ (ಬೋರ್ಡುಗಳು ಒಂದಕ್ಕೊಂದು ಮಾತಾಡೋ, ಹೈ ಮತ್ತೆ ಲೋ ಅನ್ನೋ ಎರಡು ವೈರಿನ ಲೈನು) ಇದ್ರೆ ಪವರ್ ಆಫ್ ಮಾಡಿ ಹೈ-ಲೋ ಮಧ್ಯೆ ಮಲ್ಟಿಮೀಟರ್ ಇಡ್ರಿ, ಎರಡೂ ಕೊನೆಲಿ 120 ಓಮ್ ರೆಸಿಸ್ಟರ್ ಇರೋದ್ರಿಂದ 60 ಆಸುಪಾಸು ತೋರಿಸ್ಬೇಕು, 120 ತೋರಿಸಿದ್ರೆ ಒಂದು ಕಡೆದು ಬಿಟ್ಟೈತೆ ಅಥವಾ ಮಧ್ಯೆ ವೈರ್ ಕಟ್ ಆಗೈತೆ ಅಂತ.

ಎಲ್ಲ ಮುಗಿದ್ಮೇಲೆ ವೈರಿಂಗ್ ಮಾಡದೇ ಇರೋ ಒಬ್ಬ ಜೂನಿಯರನ್ನ ಕರೆದು "ಎಡ-ಹಿಂದೆ ಮೋಟ್ರು ಫ್ಯೂಸ್ ತೆಗಿ" ಅನ್ರಿ. ಅವ್ನು ನಿಮ್ಮ ಮುಖ ನೋಡಿದ್ರೆ ಆ ಲೇಬಲ್ ಮತ್ತೆ ಬರೀರಿ.