ಹೈಫಾ ಗೆದ್ದ ವರ್ಷ, ಜ್ವರ ಬಂದ ವರ್ಷ

ಇಂಗ್ಲೆಂಡಿಗೆ ಬಂದು ಮೂರು ತಿಂಗಳಾಯಿತು, ವಾರವೆಲ್ಲ ಆಫೀಸಿನಲ್ಲಿ ಹೇಗೋ ಕಳೆಯುತ್ತದೆ, ಶನಿವಾರ ಬಂದರೆ ಭಯವಾಗುತ್ತದೆ ಅಕ್ಕಾ ಎಂದು ಬರೆದಿದ್ದೀಯ. ಜೊತೆಗೆ ಇನ್ನೊಂದು ಪ್ರಶ್ನೆ. ನಿನ್ನ ಅಜ್ಜಿಯ ಅಪ್ಪ ಮೈಸೂರು ಮಹಾರಾಜರ ಕುದುರೆ ಪಡೆಯಲ್ಲಿದ್ದರಂತೆ, ಮೊದಲ ಮಹಾಯುದ್ಧಕ್ಕೆ ಹೋಗಿದ್ದರಂತೆ, ಅವರ ವಿವರ ಲಂಡನ್ನಿನಲ್ಲಿ ಸಿಗುತ್ತದಾ ಅಂತ. ಅಕ್ಕ ಅಂದಿದ್ದೀಯ, ಹಾಗಾಗಿ ಏಕವಚನದಲ್ಲೇ ಬರೆಯುತ್ತೇನೆ. ನನ್ನ ಮುತ್ತಾತನೂ ಅದೇ ಪಡೆಯ ಜೊತೆ ಹೋದವರು. ಇಲ್ಲಿ ನನ್ನ ಮೊದಲ ಎರಡು ಚಳಿಗಾಲ ಕಳೆದದ್ದೇ ಅವರನ್ನು ಹುಡುಕುತ್ತಾ. ಅದಕ್ಕೇ ನಿನ್ನ ಎರಡು ಪ್ರಶ್ನೆಗೂ ಒಟ್ಟಿಗೆ ಉತ್ತರ ಬರೆಯುತ್ತಿದ್ದೇನೆ.

ಮೊದಲು ಸಣ್ಣಪುಟ್ಟದ್ದು. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಕತ್ತಲಾಗುತ್ತದೆ. ಆಗ ಅಳು ಬಂದರೆ ನಿನಗೊಬ್ಬಳಿಗೇ ಅಂದುಕೊಳ್ಳಬೇಡ. ಜಿಪಿ, ಅಂದರೆ ನಿನ್ನ ಬಡಾವಣೆಯ ಡಾಕ್ಟರ ಹತ್ತಿರ ಈಗಲೇ ಹೆಸರು ಬರೆಸು, ಕಾಯಿಲೆ ಬರುವ ತನಕ ಕಾಯಬೇಡ. ಅಲ್ಲಿ ನಿನ್ನಪ್ಪನ ಹೆಸರು ಹಿಡಿದು ನಿನ್ನನ್ನು ಕೂಗುತ್ತಾರೆ. ಅದೇ ನಿನ್ನ ಸರ್‌ನೇಮ್ ಅಂತ ಅವರ ಲೆಕ್ಕ. ತಿದ್ದಿ ತಿದ್ದಿ ಸುಸ್ತಾಗುತ್ತದೆ, ಸುಮ್ನೆ ಎದ್ದು ಹೋಗು. ಉಳಿದದ್ದು ತಾನಾಗಿ ಗೊತ್ತಾಗುತ್ತದೆ.

ನಾನು ಬಂದದ್ದು 2003ರಲ್ಲಿ, ರೆಡಿಂಗ್ ಊರಿಗೆ. ಹಳೇ ಕಾಲದ ಇಟ್ಟಿಗೆಯ ಸಾಲುಮನೆಯಲ್ಲಿ ಒಂದು ರೂಮು. ಶನಿವಾರ ಹೀಟರ್ ಹಾಕಿದರೆ ಬಿಲ್ ಜಾಸ್ತಿ, ಹಾಕದಿದ್ದರೆ ಚಳಿ. ಹಾಗಾಗಿ ಬೆಚ್ಚಗಿರುವ, ದುಡ್ಡು ಕೇಳದ ಜಾಗ ಹುಡುಕುತ್ತಾ ಲೈಬ್ರರಿಗೆ ಹೋದೆ. ಅಲ್ಲಿ ಕೂತಿದ್ದ ಮುದುಕರೆಲ್ಲ ತಮ್ಮ ಅಜ್ಜ ಅಜ್ಜಿಯರನ್ನು ಹುಡುಕುತ್ತಿದ್ದರು. ಇದು ಇಲ್ಲಿಯವರ ದೊಡ್ಡ ಹುಚ್ಚು. ಅವರಲ್ಲೊಬ್ಬರು ನನ್ನ ಮನೆ ವಿಳಾಸ ಕೇಳಿ, 1901ರ ಜನಗಣತಿಯಲ್ಲಿ ಆ ಮನೆಯನ್ನೇ ತೆಗೆದು ತೋರಿಸಿದರು. ಗಂಡ ಬಿಸ್ಕತ್ ಫ್ಯಾಕ್ಟರಿಯ ಕೆಲಸಗಾರ. ರೆಡಿಂಗ್ ಆಗ ಬಿಸ್ಕತ್ತಿಗೇ ಹೆಸರಾದ ಊರು. ಹೆಂಡತಿ, ನಾಲ್ಕು ಮಕ್ಕಳು, ಒಬ್ಬ ಬಾಡಿಗೆಯವನು. ಪ್ರತಿಯೊಬ್ಬರ ಹೆಸರು, ವಯಸ್ಸು, ಹುಟ್ಟಿದ ಊರು. ಮೂರು ತಿಂಗಳ ಕೂಸಿನದ್ದೂ ಇತ್ತು.

ನನಗೆ ಹೊಟ್ಟೆಕಿಚ್ಚಾಯಿತು, ನಿಜ ಹೇಳುತ್ತೇನೆ. ಅದೇ 1901ರಲ್ಲಿ ನಮ್ಮೂರಿನಲ್ಲೂ ಗಣತಿ ಆಗಿತ್ತು. ನಮ್ಮ ಮನೆಗೂ ಯಾರೋ ಬಂದು ಜನ ಎಷ್ಟು ಅಂತ ಬರೆದುಕೊಂಡು ಹೋಗಿರುತ್ತಾರೆ. ಆದರೆ ನಮ್ಮ ಕಡೆ ಒಟ್ಟು ಲೆಕ್ಕ ಹಾಕಿದ ಮೇಲೆ ಆ ಮನೆಮನೆಯ ಹಾಳೆಗಳನ್ನು ಇಟ್ಟುಕೊಳ್ಳಲಿಲ್ಲ. ತಾಲ್ಲೂಕಿನಲ್ಲಿ ಎಷ್ಟು ಜನ, ಯಾವ ಜಾತಿ, ಎಷ್ಟು ಕುರುಡರು, ಎಲ್ಲ ಸಿಗುತ್ತದೆ. ನಮ್ಮ ಮುತ್ತಜ್ಜಿಯ ಹೆಸರು ಸಿಗುವುದಿಲ್ಲ. ಇಲ್ಲಿಯದ್ದೂ ಪೂರ್ತಿ ಇಲ್ಲ ಅನ್ನು. ಇಂಗ್ಲೆಂಡಿನ 1931ರ ಹಾಳೆಗಳು 1942ರಲ್ಲಿ ಬೆಂಕಿಗೆ ಹೋದವು. 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ಆಗಲಿಲ್ಲ. 1951ರದ್ದನ್ನು ತೆರೆಯುವುದು 2052ಕ್ಕೆ. ಅಷ್ಟರಲ್ಲಿ ನಾನೇ ಯಾರದ್ದೋ ಮುತ್ತಜ್ಜಿ ಆಗಿರುತ್ತೇನೆ.

ಅವತ್ತು ರಾತ್ರಿ ಫೋನ್ ಕಾರ್ಡ್ ತಂದು ಊರಿಗೆ ಮಾಡಿದೆ. ದೊಡ್ಡಪ್ಪನಿಗೆ ಮುತ್ತಾತನ ವಿಷಯ ಅಂದರೆ ಸಾಕು, ಶುರುವಾಗುತ್ತಾರೆ. ಕುದುರೆ ಏರಿ, ಭರ್ಜಿ ಹಿಡಿದು, ಪ್ಯಾಲೆಸ್ತೀನಿನ ಹೈಫಾ ಕೋಟೆಗೆ ನುಗ್ಗಿದ ಶೂರ. ಸಾಕ್ಷಿಗೆ ಮನೆಯಲ್ಲೊಂದು ಪದಕ ಇದೆ. ಅದರ ಒಂದು ಬದಿಯಲ್ಲಿ ರಾಜನ ತಲೆ, ಇನ್ನೊಂದು ಬದಿಯಲ್ಲಿ ಕುದುರೆ ಮೇಲೆ ಒಬ್ಬ ಸವಾರ, ಅವನ ಎಡಕ್ಕೂ ಬಲಕ್ಕೂ 1914, 1918. "ನೋಡು, ನಮ್ಮ ತಾತನನ್ನೇ ಕೊರೆದಿದ್ದಾರೆ" ಅಂತ ನಮಗೆಲ್ಲ ಚಿಕ್ಕಂದಿನಲ್ಲಿ ತೋರಿಸುತ್ತಿದ್ದರು. ಆ ಸವಾರನ ಮೈಮೇಲೆ ಬಟ್ಟೆಯೇ ಇಲ್ಲ ಎಂಬುದನ್ನು ಹೆಂಗಸರು ಮಾತ್ರ ಗಮನಿಸಿ ನಗುತ್ತಿದ್ದರು.

ಚರಿತ್ರೆ ಇಷ್ಟು. ಮೈಸೂರು ಲ್ಯಾನ್ಸರ್ಸ್, ಅಂದರೆ ಮಹಾರಾಜರ ಆ ಕುದುರೆ ಪಡೆ, ಬೆಂಗಳೂರು ಬಿಟ್ಟದ್ದು 1914ರ ಅಕ್ಟೋಬರಿನಲ್ಲಿ. ಬೊಂಬಾಯಿಯಿಂದ ಹಡಗು, ಈಜಿಪ್ಟ್, ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಆಮೇಲೆ ಪ್ಯಾಲೆಸ್ತೀನ್. 1918ರ ಸೆಪ್ಟೆಂಬರ್ 23ರಂದು ಜೋಧಪುರದವರೂ ಮೈಸೂರಿನವರೂ ಸೇರಿ ಟರ್ಕಿಯವರ ಕೈಯಲ್ಲಿದ್ದ ಹೈಫಾ ಹಿಡಿದರು. ಜೋಧಪುರದವರು ಊರಿನೊಳಗೆ ನುಗ್ಗಿದರೆ, ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿನ ತೋಪುಗಳ ಬಾಯಿ ಮುಚ್ಚಿಸಿತು. ನಮ್ಮಲ್ಲಿ ಕಥೆ ಇಲ್ಲಿಗೆ ಮುಗಿಯುತ್ತದೆ. ಆದರೆ ಅದೇ ವರ್ಷ ಅಕ್ಟೋಬರ್ 26ರಂದು ಇದೇ ಎರಡು ಪಡೆಗಳು ಸಿರಿಯಾದ ಅಲೆಪ್ಪೊ ಆಚೆಯ ಹರಿತಾನ್ ಎಂಬಲ್ಲಿ ಮತ್ತೆ ಕಾದಾಡಿದವು. ಅಲ್ಲಿ ಸತ್ತವರೂ ಇದ್ದಾರೆ. ನಾಲ್ಕು ದಿನ ಕಳೆದು, 30ಕ್ಕೆ, ಟರ್ಕಿಯ ಜೊತೆ ಕದನವಿರಾಮಕ್ಕೆ ಸಹಿ ಬಿತ್ತು. ದೆಹಲಿಯ ತೀನ್ ಮೂರ್ತಿ ಸ್ಮಾರಕದಲ್ಲಿ ನಿಂತ ಮೂವರು ಸೈನಿಕರಲ್ಲಿ ಒಬ್ಬ ಮೈಸೂರಿನವನು ಎಂಬುದು ನಿನಗೆ ಗೊತ್ತಿರುತ್ತದೆ.

ಇದರಲ್ಲಿ ಮುತ್ತಾತ ಎಲ್ಲಿ? ಅದನ್ನು ಹುಡುಕಲು ಲಂಡನ್ನಿನ ಕ್ಯೂ ಎಂಬಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ಗೆ, ಅಂದರೆ ಸರ್ಕಾರದ ಹಳೇ ಕಡತಗಳನ್ನು ಇಟ್ಟಿರುವ ಕಡೆ, ಹೋದೆ. ಪಡೆಗಳ ಯುದ್ಧದ ದಿನಚರಿಗಳು ಅಲ್ಲಿವೆ. ಡಬ್ಲ್ಯೂಒ 95 ಎಂಬ ಸಾಲಿನಲ್ಲಿ ಕೇಳು. ನೂರು ವರ್ಷದ ಹಿಂದೆ ಯಾವನೋ ಅಧಿಕಾರಿ ಅಲ್ಲೇ ಕೂತು ಬರೆದ ಹಾಳೆಯನ್ನು ನಿನ್ನ ಕೈಗೇ ಕೊಡುತ್ತಾರೆ. ಮೊದಲ ಸಲ ನನಗೆ ಮೈ ಜುಮ್ಮೆಂದಿತು. ಇಂದು ಇಷ್ಟು ಮೈಲಿ ನಡೆದೆವು, ನೀರು ಇಂಥಲ್ಲಿ ಸಿಕ್ಕಿತು, ಕುದುರೆಗಳು ದಣಿದಿವೆ. ಅಧಿಕಾರಿಗಳ ಹೆಸರಿದೆ, ಕುದುರೆಗಳ ಲೆಕ್ಕವಿದೆ. ನಮ್ಮ ಮುತ್ತಾತನಂಥವರ ಹೆಸರು ಎಲ್ಲೂ ಇಲ್ಲ. ನಿನಗೂ ಸಿಗದೇ ಹೋಗಬಹುದು. ಹಾಗಂತ ಅವರು ಅಲ್ಲಿರಲಿಲ್ಲ ಅಂತಲ್ಲ.

ಈ ಮಧ್ಯೆ ಒಂದು ವಂಶಾವಳಿ ಜಾಲತಾಣಕ್ಕೆ ವರ್ಷದ ಚಂದಾ ಕಟ್ಟಿ ಮೋಸ ಹೋದೆ. ಅದಕ್ಕೆ ಸರ್‌ನೇಮ್ ಬೇಕು. ನಮ್ಮಲ್ಲಿ ಎಲ್ಲಿದೆ? ಮುತ್ತಾತನ ಹೆಸರು ನಂಜಪ್ಪ ಎಂದು ಹಾಕಿದರೆ ಇನ್ಯಾರದ್ದೋ ಸಂಸಾರ ತಂದು ನಿಲ್ಲಿಸಿತು. ಅಂದಿನ ಗುಮಾಸ್ತರು ಕಿವಿಗೆ ಬಿದ್ದ ಹಾಗೆ ಬರೆಯುತ್ತಿದ್ದರು. ನಂಜಪ್ಪ ಹೋಗಿ ನುಂಜಾಪಾ ಆಗಿರುತ್ತಾನೆ. ಆ ದುಡ್ಡಿಗೆ ಒಂದು ಒಳ್ಳೆ ಕೋಟು ಬರುತ್ತಿತ್ತು.

ಕೊನೆಗೆ ಬಾಯಿಬಿಟ್ಟದ್ದು ಮನೆಯಲ್ಲಿದ್ದ ಪದಕವೇ. ಅದರ ಫೋಟೋ ತರಿಸಿಕೊಂಡು ಕ್ಯೂನಲ್ಲಿ ಪಕ್ಕ ಕೂತಿದ್ದ ಒಬ್ಬರಿಗೆ ತೋರಿಸಿದೆ. ಅವರು ಕೇಳಿದ್ದು ಒಂದೇ: ಬೆಳ್ಳಿಯದೋ ಕಂಚಿನದೋ? ಈ ಪದಕ ಬೆಳ್ಳಿಯಲ್ಲಿ ಸುಮಾರು 65 ಲಕ್ಷ ಆಗಿದೆ. ಕಂಚಿನಲ್ಲಿ ಆದದ್ದು ಸುಮಾರು 1 ಲಕ್ಷ 10 ಸಾವಿರ. ಬೆಳ್ಳಿಯದು ಕಾದಾಡಿದವರಿಗೆ. ಕಂಚಿನದು ಪಡೆಯ ಹಿಂದೆ ಹೋದ ಕೂಲಿಯವರಿಗೆ, ಲಾಯದವರಿಗೆ, ಅಡುಗೆಯವರಿಗೆ, ನೀರು ಹೊತ್ತವರಿಗೆ. ನಮ್ಮದು ಕಂಚು. ಪದಕದ ದಪ್ಪ ಅಂಚಿನ ಮೇಲೆ ನಂಬರು, ಹೆಸರು, ಕೆಲಸ ಎಲ್ಲ ಒತ್ತಿರುತ್ತಾರೆ. ದೊಡ್ಡಪ್ಪನ ಮಗನಿಗೆ ಭೂತಗನ್ನಡಿ ಹಿಡಿದು ಓದು ಅಂದೆ. ಹೆಸರಿನ ಹಿಂದೆ ಇದ್ದದ್ದು "ನಾಲಬಂದ್". ಅಂದರೆ ಕುದುರೆಗೆ ಲಾಳ ಹೊಡೆಯುವವನು.

ದೊಡ್ಡಪ್ಪ ಎರಡು ತಿಂಗಳು ನನ್ನ ಹತ್ತಿರ ಮಾತಾಡಲಿಲ್ಲ. "ಅಷ್ಟು ದೂರ ಹೋಗಿ ಇದನ್ನೇನಮ್ಮಾ ಹುಡುಕಿದ್ದು?" ಅಂದರು. ನನಗೆ ಮಾತ್ರ ಮುತ್ತಾತ ಆಗಲೇ ಹತ್ತಿರವಾದದ್ದು. ಕಾರ್ಮೆಲ್ ಬೆಟ್ಟ ಬರೀ ಕಲ್ಲು. ಆ ಕಲ್ಲಿನ ಮೇಲೆ ಕುದುರೆ ಹತ್ತಿಸುವ ಮುಂಚೆ ಲಾಳ ಬಿಗಿ ಇದೆಯಾ ಅಂತ ಕಾಲೆತ್ತಿ ನೋಡಿದವರು ಯಾರೋ ಇರಬೇಕಲ್ವಾ?

ಇಷ್ಟಾದರೂ ನನ್ನ ಹತ್ತಿರ ಇದ್ದದ್ದು ಗಂಡಸಿನ ಕಥೆ ಒಂದೇ. ಅವರಿಲ್ಲದ ಆ ನಾಲ್ಕೈದು ವರ್ಷ ಊರಿನ ಮನೆಯಲ್ಲಿ ಏನಾಯಿತು? ಅದನ್ನು ಹೇಳಲು ಒಬ್ಬರೇ ಇದ್ದರು. ನಮ್ಮ ತಾತನ ಅಕ್ಕ, ನಾವು ದೊಡ್ಡಜ್ಜಿ ಅನ್ನುತ್ತಿದ್ದೆವು. ಆಗ ತೊಂಬತ್ತು ದಾಟಿದ್ದರು. ಅವರನ್ನು "ಯಾವ ಇಸವಿ ಅಜ್ಜಿ?" ಅಂತ ಕೇಳಿ ಕೇಳಿ ಸೋತೆ. ಅವರಿಗೆ ಇಸವಿಯೇ ಇಲ್ಲ. ನಮ್ಮ ತಾತನಿಗೇನೋ ಹುಟ್ಟಿದ ದಿನ ಇದೆ, 1921ರ ಜೂನ್ 1. ಅದು ಮೇಷ್ಟ್ರು ಸ್ಕೂಲಿಗೆ ಸೇರಿಸುವಾಗ ಬರೆದುಕೊಂಡ ದಿನ. ನಮ್ಮ ಕಡೆ ಅರ್ಧ ಊರು ಜೂನ್ 1ಕ್ಕೇ ಹುಟ್ಟಿದೆ.

ಒಂದು ಸಲ ದೊಡ್ಡಜ್ಜಿ ತಾವಾಗಿಯೇ ಅಂದರು: "ಆನಂದದಲ್ಲಿ ಅಪ್ಪ ಹೋದದ್ದು, ಕಾಳಯುಕ್ತಿಯಲ್ಲಿ ಜ್ವರ ಬಂದದ್ದು." ಸಂವತ್ಸರದ ಹೆಸರು! ಕೂಡಲೇ ಲೆಕ್ಕ ಹಾಕಿದೆ. ಅರವತ್ತರಲ್ಲಿ ಮೊದಲನೆಯದು ಪ್ರಭವ, ಅದು ಬಂದದ್ದು 1867ರ ಯುಗಾದಿಗೆ. ಅಲ್ಲಿಂದ 48ನೆಯದು ಆನಂದ, ಅಂದರೆ 1914ರ ಯುಗಾದಿಯಿಂದ 1915ರ ಯುಗಾದಿ. ಪಡೆ ಹೊರಟ ಅಕ್ಟೋಬರ್ ಸರಿಯಾಗಿ ಅದರೊಳಗೆ ಬರುತ್ತದೆ. 52ನೆಯದು ಕಾಳಯುಕ್ತಿ, 1918ರಿಂದ 1919. ಮುದುಕಿ ಒಂದು ವರ್ಷವೂ ತಪ್ಪಿರಲಿಲ್ಲ. ನಿನ್ನ ಅಜ್ಜಿ ಧಾತು ಈಶ್ವರದ ಬರ ಅಂದರೆ ಅದು 1876ರಿಂದ 78ರ ಕ್ಷಾಮ ಅಂತ ತಿಳಿ. ಎರಡು ಎಚ್ಚರಿಕೆ. ಅರವತ್ತು ವರ್ಷಕ್ಕೆ ಅದೇ ಹೆಸರು ತಿರುಗಿ ಬರುತ್ತದೆ, ಹಾಗಾಗಿ ಯಾವ ಸುತ್ತು ಅಂತ ಬೇರೆ ಸುಳಿವಿನಿಂದ ಗೊತ್ತುಮಾಡಿಕೋ. ಜನವರಿ, ಫೆಬ್ರವರಿಯಲ್ಲಿ ನಡೆದದ್ದು ಹಿಂದಿನ ಸಂವತ್ಸರಕ್ಕೇ ಸೇರುತ್ತದೆ, ಅದನ್ನೂ ಮರೆಯಬೇಡ.

ಅವತ್ತು ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆದೆ. ಎಡಕ್ಕೆ ಮನೆ, ಬಲಕ್ಕೆ ಪ್ರಪಂಚ. ನೀನೂ ಹೀಗೇ ಮಾಡು. ಬೇರೆ ಯಾವ ಸಾಫ್ಟ್‌ವೇರೂ ಬೇಡ.

ಬಲಕ್ಕೆ: 1918ರ ಜೂನ್ ಹೊತ್ತಿಗೆ ಇನ್‌ಫ್ಲುಯೆಂಜಾ ಬೊಂಬಾಯಿಗೆ ಬಂತು, ಹಡಗಿನಲ್ಲಿ. ಅಲ್ಲಿಂದ ರೈಲು ಹಿಡಿದು ಒಳನಾಡಿಗೆ ಬಂತು. ಸೆಪ್ಟೆಂಬರಿನಿಂದ ಅದರ ಎರಡನೆಯ ಅಲೆ, ಅದೇ ಕೊಂದದ್ದು. ಆ ವರ್ಷ ಮಳೆಯೂ ಕೈಕೊಟ್ಟಿತ್ತು. ದೇಶದಲ್ಲಿ ಒಂದು ಕೋಟಿಗೂ ಜಾಸ್ತಿ ಜನ ಸತ್ತರು. 1911ಕ್ಕಿಂತ 1921ರ ಗಣತಿಯಲ್ಲಿ ಜನಸಂಖ್ಯೆ ಕಡಿಮೆಯಾಗಿತ್ತು. ಹಾಗೆ ಇನ್ಯಾವ ಗಣತಿಯಲ್ಲೂ ಇಳಿದಿಲ್ಲ.

ಎಡಕ್ಕೆ: ದೊಡ್ಡಜ್ಜಿಗೆ ಆಗ ಇಬ್ಬರು ತಮ್ಮಂದಿರಿದ್ದರು, ನಮ್ಮ ತಾತ ಇನ್ನೂ ಹುಟ್ಟಿರಲಿಲ್ಲ. ಚಿಕ್ಕವನು ಹುಟ್ಟಿದ್ದು ಅಪ್ಪ ಹಡಗು ಹತ್ತಿದ ಮೇಲೆ, ಅಪ್ಪನ ಮುಖ ನೋಡಿಲ್ಲ. ದಸರಾ ಆದ ಮೇಲೆ ಇಬ್ಬರಿಗೂ ಜ್ವರ. ದೀಪಾವಳಿಗೆ ಇಬ್ಬರೂ ಇಲ್ಲ. ಆ ವರ್ಷ ದೀಪಾವಳಿ ನವೆಂಬರ್ ಮೊದಲ ವಾರ.

ಗೆರೆಯ ಎರಡೂ ಬದಿ ನೋಡುತ್ತಾ ಕೂತೆ. ನಮ್ಮ ಮನೆಯಲ್ಲಿ ಹೈಫಾ ಗೆದ್ದ ವರ್ಷ ಅಂತ ಗಂಡಸರು ಹೇಳುತ್ತಿದ್ದರು, ಜಗಲಿಯಲ್ಲಿ. ಜ್ವರ ಬಂದ ವರ್ಷ ಅಂತ ಹೆಂಗಸರು ಹೇಳುತ್ತಿದ್ದರು, ಅಡುಗೆಮನೆಯಲ್ಲಿ. ಎರಡೂ ಒಂದೇ ವರ್ಷ ಅಂತ ಯಾರಿಗೂ ಹೊಳೆದಿರಲಿಲ್ಲ. ಒಂದೇ ವರ್ಷ ಏನು, ಹೆಚ್ಚು ಕಡಿಮೆ ಅವೇ ವಾರಗಳು. ಹರಿತಾನ್‌ನಲ್ಲಿ ಕುದುರೆಗಳು ಬಿದ್ದ ದಿನ ಊರಿನಲ್ಲಿ ಮಕ್ಕಳು ಜ್ವರದಲ್ಲಿ ಮಲಗಿದ್ದವು.

"ಮುತ್ತಾತನಿಗೆ ಯಾವಾಗ ಗೊತ್ತಾಯಿತು?" ಅಂತ ಕೇಳಿದೆ. ದೊಡ್ಡಜ್ಜಿ ಅಂದರು: "ಬಂದ ಮೇಲೆ. ಅವ್ವ ಕಾಗದ ಬರೆಸೋಕೆ ಶ್ಯಾನುಭೋಗರ ಮನೆಗೆ ಹೋದಾಗ ನಾನೂ ಹೋಗಿದ್ದೆ. ಎಲ್ಲ ಕ್ಷೇಮ ಅಂತ ಬರೀರಿ ಅಂದಳು. ದೂರ ಇರೋರಿಗೆ ಹೇಳಿ ಏನು ಮಾಡೋದು?"

ಯುದ್ಧ ನಿಂತ ಕೂಡಲೇ ಪಡೆಯನ್ನು ಊರಿಗೆ ಕಳಿಸಲಿಲ್ಲ. ಹಾಗಾಗಿ ಎಷ್ಟೋ ತಿಂಗಳು ಆ ಮನುಷ್ಯ ಇಲ್ಲದ ಮಗನಿಗೆ ಏನು ತರಬೇಕು ಅಂತ ಯೋಚಿಸಿರುತ್ತಾರೆ.

ವಿದೇಶದ ಬದುಕು ಹೇಗೆ ಅಂತ ಕೇಳಿದೆಯಲ್ಲ, ಅದರ ಕಷ್ಟದ ಭಾಗ ಇದು. ಚಳಿ ಅಲ್ಲ, ಊಟ ಅಲ್ಲ. ಊರಿನವರು ನಿನಗೆ ಎಲ್ಲ ಕ್ಷೇಮ ಅಂತಲೇ ಹೇಳುತ್ತಾರೆ. ನಮ್ಮಮ್ಮ ಆಸ್ಪತ್ರೆ ಸೇರಿದ್ದನ್ನು ಮನೆಗೆ ಬಂದ ಮೇಲೆ ಹೇಳುತ್ತಾರೆ, ಈಗಲೂ, ದಿನಾ ವೀಡಿಯೊ ಕಾಲ್ ಇದ್ದರೂ. ಸಿಟ್ಟು ಮಾಡಿ ಪ್ರಯೋಜನವಿಲ್ಲ. ಊರಿನಲ್ಲಿ ಒಬ್ಬರನ್ನು ಗೊತ್ತುಮಾಡಿಕೋ, ಅಣ್ಣನೋ ಅತ್ತಿಗೆಯೋ ಪಕ್ಕದ ಮನೆಯವರೋ. "ನನಗೆ ಮಾತ್ರ ನಿಜ ಹೇಳಿ" ಅಂತ ಮಾತು ತೆಗೆದುಕೋ. ನನಗೆ ಚಿಕ್ಕಮ್ಮ ಇದ್ದಾರೆ. ನೀನೂ ನಿನ್ನ ಆ ಒಬ್ಬರಿಗೆ ನಿಜವನ್ನೇ ಹೇಳಬೇಕು, ಶನಿವಾರ ಭಯವಾಗುತ್ತದೆ ಎಂಬುದನ್ನೂ ಸೇರಿಸಿ.

ಈಗ ಕೆಲಸ. ಕ್ಯೂನಲ್ಲಿ ರೀಡರ್ಸ್ ಟಿಕೆಟ್ ಮಾಡಿಸಬೇಕು, ದುಡ್ಡಿಲ್ಲ. ಗುರುತಿಗೆ ಪಾಸ್‌ಪೋರ್ಟ್, ವಿಳಾಸಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ತಾ. ಬ್ಯಾಗು, ಕೋಟು ಲಾಕರಿನಲ್ಲಿ ಬಿಡಬೇಕು. ಪೆನ್ ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಮಾತ್ರ. ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ಕಡತಗಳಿವೆ, ಅಂದರೆ ಲಂಡನ್ನಿನಿಂದ ಭಾರತದ ಆಡಳಿತ ನೋಡುತ್ತಿದ್ದ ಇಲಾಖೆಯವು. ಮೈಸೂರು ರೆಸಿಡೆಂಟ್, ಅಂದರೆ ಮೈಸೂರಿನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ, ಬರೆದದ್ದೆಲ್ಲ ಅಲ್ಲಿ ಸಿಗಬಹುದು. ಅದು ಆಮೇಲೆ. ನಿಮ್ಮ ಊರಿಗೆ ಹೆಳವರು ಬರುತ್ತಾರಾ ಅಂತ ವಿಚಾರಿಸು. ನಮ್ಮ ಮನೆಗೆ ಎತ್ತಿನ ಮೇಲೆ ಬಂದು ತಲೆಮಾರಿನ ಹೆಸರು ಹೇಳುತ್ತಿದ್ದರು, ಗಂಡಸರದ್ದು ಮಾತ್ರ. ಹೆಣ್ಣುಮಕ್ಕಳ ಹೆಸರಿಗೆ ನಿನ್ನ ಅಜ್ಜಿಯೇ ಗತಿ. ಅವರು ಇದ್ದಾರಲ್ಲ? ಈ ವಾರವೇ ಫೋನ್ ಮಾಡು. ಇಸವಿ ಕೇಳಬೇಡ, ಹಬ್ಬ ಕೇಳು, ಬೆಳೆ ಕೇಳು, ಆಗ ಮನೆಯಲ್ಲಿ ಯಾರು ಕೈಕೂಸು ಅಂತ ಕೇಳು.

ಮುಂದಿನ ತಿಂಗಳು ಒಂದು ಶನಿವಾರ ನಾನೇ ಕ್ಯೂಗೆ ಬರುತ್ತೇನೆ, ಜೊತೆಗೆ ಹೋಗೋಣ. ಅಷ್ಟರಲ್ಲಿ ಮನೆಯಲ್ಲಿ ಪದಕ ಇದ್ದರೆ ಅದರ ಅಂಚಿನ ಫೋಟೋ ತರಿಸು. ಹುಣಸೆಹಣ್ಣು ಹಚ್ಚಿ ತಿಕ್ಕಿ ಕಳಿಸಬೇಡಿ ಅಂತ ಮೊದಲೇ ಹೇಳಿಬಿಡು. ನಮ್ಮ ದೊಡ್ಡಮ್ಮ ಪ್ರತಿ ಆಯುಧಪೂಜೆಗೂ ತಿಕ್ಕಿ ತಿಕ್ಕಿ ನಂಬರಿನಲ್ಲಿ ಎರಡು ಅಂಕಿ ಅಳಿಸಿಹೋಗಿವೆ.