ಲಿಟಲ್ ಗಲ್ ಎಂಬ ಪುಟ್ಟ ಕಡಲಕ್ಕಿ ಚಳಿಗಾಲದಲ್ಲಿ ಎಲ್ಲಿಗೆ ವಲಸೆ ಹೋಗುತ್ತದೆ?

ಎಲ್ಲವೂ ಒಂದೇ ಕಡೆಗೆ ಹೋಗುವುದಿಲ್ಲ. ಗಲ್ ಜಾತಿಯ ಹಕ್ಕಿಗಳಲ್ಲೇ ಅತಿ ಚಿಕ್ಕದಾದ ಇದು ಫಿನ್ಲೆಂಡ್, ಬಾಲ್ಟಿಕ್ ದೇಶಗಳು ಮತ್ತು ರಷ್ಯಾದ ಜೌಗು ಕೆರೆಗಳಲ್ಲಿ ಗೂಡು ಕಟ್ಟುತ್ತದೆ. ಮರಿಗಳು ಹಾರಲು ಕಲಿತ ಮೇಲೆ ಕೆಲವು ಪಶ್ಚಿಮಕ್ಕೆ ಉತ್ತರ ಸಮುದ್ರ, ಐರಿಶ್ ಸಮುದ್ರಗಳತ್ತ ಹೊರಟರೆ, ಉಳಿದವು ಮೆಡಿಟರೇನಿಯನ್, ಕಪ್ಪು ಸಮುದ್ರ, ಕ್ಯಾಸ್ಪಿಯನ್ ಕಡೆಗೆ ಇಳಿಯುತ್ತವೆ.

ದಾರಿಯ ತಂಗುದಾಣಗಳಲ್ಲಿ ನನಗೆ ಬಹಳ ಅಚ್ಚರಿಯೆನಿಸುವುದು ಇಂಗ್ಲೆಂಡಿನ ಯಾರ್ಕ್‌ಷೈರ್ ಕರಾವಳಿಯ ಹಾರ್ನ್‌ಸೀ ಮಿಯರ್ ಕೆರೆ. ಬೇಸಿಗೆ ಮುಗಿಯುವ ಹೊತ್ತಿಗೆ ಸಾವಿರಾರು ಹಕ್ಕಿಗಳು ಅಲ್ಲಿ ನೆರೆಯುತ್ತವೆ. ಹಳೆಯ ಗರಿ ಉದುರಿ ಹೊಸದು ಮೂಡುವ ಕಾಲ ಅದು. ಪಕ್ಕದ ಕಡಲಿನಲ್ಲಿ ಮೇವು, ಕೆರೆಯಲ್ಲಿ ವಿಶ್ರಾಂತಿ.

ಚಳಿಗಾಲವನ್ನು ಹೆಚ್ಚಾಗಿ ದಡದಿಂದ ದೂರದ ನೀರಿನಲ್ಲೇ ಕಳೆಯುವುದರಿಂದ ಆಗ ಇವು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಕಡಲಿನಿಂದ ಬಿರುಗಾಳಿ ಬೀಸಿದ ಮರುದಿನ ದಡದಲ್ಲಿ ಹುಡುಕುವುದು ಒಳ್ಳೆಯದು.

ಏಪ್ರಿಲ್–ಮೇ ತಿಂಗಳಲ್ಲಿ ಮರಳುವಾಗ ಹಲವು ಹಿಂಡುಗಳು ಒಳನಾಡಿನ ಕೆರೆಗಳ ಮೇಲೆಯೇ ಹಾದುಹೋಗುತ್ತವೆ. ನೀರಿಗೆ ತಾಗಿದಂತೆ ಹಾರುತ್ತ, ಮೇಲ್ಮೈಯ ಕೀಟವನ್ನು ಕೊಕ್ಕಿನಿಂದ ಹೆಕ್ಕುವ ಪರಿ ಥೇಟ್ ರೀವ (ಟರ್ನ್) ಎಂಬ ನೀರಹಕ್ಕಿಯದು. ರೆಕ್ಕೆ ಎತ್ತಿದಾಗ ಅಡಿಭಾಗ ಕಡುಬೂದು, ಅಂಚಿನಲ್ಲಿ ಬಿಳಿ ಗೆರೆ ಕಂಡರೆ ಅದು ಬೆಳೆದ ಲಿಟಲ್ ಗಲ್. ಎಳೆಯ ಹಕ್ಕಿಯ ರೆಕ್ಕೆಯಡಿ ಮಾತ್ರ ಬಿಳಿಯಾಗಿರುತ್ತದೆ.