ತುಕ್ಕು ಹಿಡಿದ ಹಳೆಯ ಉಳಿ, ಬಾಚಿ, ಕಿಟಕಿ ಸರಳುಗಳನ್ನು ಮನೆಯಲ್ಲೇ ಸರಿ ಮಾಡುವುದು ಹೇಗೆ?

ಗಂಗಾವತಿಯ ಹಳೆ ಮನೆಯಲ್ಲಿ ಸಿಕ್ಕ ಅಜ್ಜನ ಉಳಿ, ಬಾಚಿ, ಚಿಲಕ, ಕಿಟಕಿ ಸರಳು, ಒಂದು ರೊಟ್ಟಿ ಹಂಚು ಎಲ್ಲವನ್ನೂ ಬಕೆಟ್ ಆಸಿಡ್‌ನಲ್ಲಿ ಮುಳುಗಿಸಿದರೆ ಒಂದೇ ಸಲಕ್ಕೆ ಫಳಫಳ ಆಗುತ್ತಾ ಅಂತ ಕೇಳಿದ್ದೀರಿ. ಆಗುತ್ತೆ, ಆದರೆ ಮಾಡಬೇಡಿ. ಬಚ್ಚಲು ತೊಳೆಯೋಕೆ ಮಾರುವ ಆಸಿಡ್ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್. ತುಕ್ಕು ಮುಗಿದ ಮೇಲೆ ಅದು ಕಬ್ಬಿಣಕ್ಕೇ ಬಾಯಿ ಹಾಕುತ್ತೆ. ಅದರ ಹೊಗೆ ತಾಗಿದರೆ ಅದೇ ಕೋಣೆಯಲ್ಲಿರುವ ಒಳ್ಳೆ ಸಾಮಾನೂ ಕೆಂಪಾಗುತ್ತೆ. ಬಳ್ಳಾರಿಯಲ್ಲಿ ನಮ್ಮ ಮನೆ ಹಿಂದಿನ ಶೆಡ್ಡಿನೊಳಗೆ ಆ ಬಾಟಲಿಗೆ ಪ್ರವೇಶವೇ ಇಲ್ಲ.

ಎಷ್ಟು ತುಕ್ಕು ತೆಗೀಬೇಕು ಅನ್ನೋದು ಆ ಸಾಮಾನು ಮಾಡುವ ಕೆಲಸವನ್ನು ನೋಡಿ ತೀರ್ಮಾನಿಸುವ ಮಾತು. ಕೆಂಪಗೆ ಪುಡಿಯಾಗಿ ಕೈಗೆ ಅಂಟುವುದು ಹೋಗಲೇಬೇಕು. ಅದರ ಕೆಳಗೆ ಗಟ್ಟಿಯಾಗಿ ಕೂತ ಕಪ್ಪು ಪದರವನ್ನು ಸುಮ್ಮನೆ ಬಿಡಿ, ಅದರಿಂದ ತೊಂದರೆ ಇಲ್ಲ. ಹೊಸ ಸ್ಟೀಲಿನ ಹಾಗೆ ಬೆಳ್ಳಗೆ ಮಾಡುವ ಹಟದಲ್ಲೇ ಹಳೇ ಉಪಕರಣಗಳು ಹೆಚ್ಚು ಹಾಳಾಗೋದು.

ಉಳಿ, ಬಾಚಿಗಳ ಕಾವು, ಹಿಡಿ ಬಿಚ್ಚಿ, ಸೋಪಿನ ನೀರಲ್ಲಿ ಜಿಡ್ಡು ತೊಳೆಯಿರಿ. ಜಿಡ್ಡಿದ್ದ ಕಡೆ ಹುಳಿ ಹಿಡಿಯೋದಿಲ್ಲ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು (ಸಿಟ್ರಿಕ್ ಆಸಿಡ್) 1 ಲೀಟರ್ ನೀರಿಗೆ 50 ಗ್ರಾಂ ಲೆಕ್ಕದಲ್ಲಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಕರಗಿಸಿ ಮುಳುಗಿಸಿಡಿ. ಎರಡು ಮೂರು ತಾಸಿಗೊಮ್ಮೆ ತೆಗೆದು ಬ್ರಷ್ಷಿನಿಂದ ತಿಕ್ಕಿ ನೋಡಿ. ರಾತ್ರಿಯಿಡೀ ಇಟ್ಟರೆ ಬೇಕಾದಷ್ಟಾಯಿತು, ಅದಕ್ಕಿಂತ ಹೆಚ್ಚು ಬೇಡ. ಸತು ಲೇಪನದ ಬೋಲ್ಟು, ಸ್ಪ್ರಿಂಗು ಇದ್ದರೆ ಇದರಲ್ಲಿ ಹಾಕಲೇಬೇಡಿ. ಲೇಪನ ಕರಗಿಹೋಗುತ್ತೆ, ಸ್ಪ್ರಿಂಗು ಪೆಡಸಾಗಿ ಮುರಿಯಬಹುದು.

ಹೊರಗೆ ತೆಗೆದ ಕೂಡಲೇ ಅಡುಗೆ ಸೋಡಾ ಬೆರೆಸಿದ ನೀರಲ್ಲಿ ತೊಳೆದು, ಒರೆಸಿ, ಬಿಸಿಲಿಗಿಡಿ. ಒದ್ದೆ ಬಿಟ್ಟು ಚಹಾ ಕುಡಿದು ಬರುವಷ್ಟರಲ್ಲಿ ಕಿತ್ತಳೆ ಬಣ್ಣದ ಹೊಸ ತುಕ್ಕು ಕೂತಿರುತ್ತೆ. ನಮ್ಮ ಬೇಸಿಗೆಯಲ್ಲಿ ಒಣಗಿಸೋದು ಕಷ್ಟವಲ್ಲ, ಕೈ ಸುಡದಂತೆ ನೋಡಿಕೊಂಡರಾಯಿತು. ಬಿಸಿ ಇದ್ದಾಗಲೇ ಅಗಸೆ ಎಣ್ಣೆ ತೆಳ್ಳಗೆ ಸವರಿ, ಮಿಕ್ಕಿದ್ದನ್ನು ಒರೆಸಿ ತೆಗೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯೇರಿ ಬೆಂಕಿ ಹತ್ತುವುದುಂಟು, ಬಟ್ಟೆಯನ್ನು ಹೊರಗೆ ತಂತಿ ಮೇಲೆ ಹರವಿ ಹಾಕಿ.

ಉಳಿಯಲ್ಲಿ ನಿಜವಾಗಿ ನೋಡಬೇಕಾದ್ದು ಅದರ ಚಪ್ಪಟೆ ಬೆನ್ನು. ಬಾಯಿಗೆ ಹತ್ತಿರ ಗುಂಡುಸೂಜಿ ತಲೆಯಷ್ಟು ಕಪ್ಪು ಗುಳಿ ಉಳಿದಿದ್ದರೂ, ಮಸೆಯುತ್ತಾ ಅಲ್ಲಿಗೆ ಬಂದಾಗ ಬಾಯಿಯಲ್ಲಿ ಕಚ್ಚು ಬೀಳುತ್ತೆ, ಆಮೇಲೆ ಮರದ ಮೇಲೆ ಗೀರು ಮೂಡುತ್ತೆ. ಹಾಗಾಗಿ ಬಾಯಿಯಿಂದ ಒಂದು ಬೆರಳಗಲ ಮಾತ್ರ ಮಸೆಕಲ್ಲಿನ ಮೇಲೆ ಚಪ್ಪಟೆಯಾಗಿ ಉಜ್ಜಿ ಗುಳಿ ತೆಗೆಯಿರಿ. ಮೇಲಿನ ಗುಳಿಗಳಿಂದ ಏನೂ ನಷ್ಟವಿಲ್ಲ. ಬೇಗ ಆಗಲಿ ಅಂತ ಗ್ರೈಂಡರ್ ಹಿಡಿಯಬೇಡಿ. ಬಾಯಿ ನೀಲಿ ಬಣ್ಣಕ್ಕೆ ತಿರುಗಿತು ಅಂದರೆ ಸುಮಾರು 300 ಡಿಗ್ರಿ ಕಾದು ಹದ ಹೋಯಿತು ಅಂತಲೇ ಅರ್ಥ, ಮತ್ತೆ ಕುಲುಮೆಗೇ ಒಯ್ಯಬೇಕು.

ಸರಳುಗಳ ಕಥೆ ಬೇರೆ. ಅವು ಹೆಚ್ಚಾಗಿ ನೀರು ನಿಲ್ಲುವ ಬುಡದಲ್ಲೇ ಸವೆದಿರುತ್ತವೆ. ತಂತಿ ಬ್ರಷ್ ಹಾಕುವ ಮುಂಚೆ ಹಳೇ ಬಣ್ಣದ ಬಗ್ಗೆ ಎಚ್ಚರ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಕಡ್ಡಾಯವಾಗಿದ್ದು 2017ರ ನವೆಂಬರ್‌ನಿಂದ. ಅದಕ್ಕಿಂತ ಹಳೆಯದಾದರೆ ಒಣ ಧೂಳೆಬ್ಬಿಸದೆ, ಒದ್ದೆ ಮಾಡಿಕೊಂಡು ಕೆರೆಯಿರಿ, ಮಕ್ಕಳನ್ನು ದೂರವಿಡಿ. ಒಣಗಿಸಿ ಅದೇ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಪ್ರೈಮರ್ ಬಳಿಯಿರಿ, ಅದು ಒಣಗಿದ ಮೇಲೆ ಎರಡು ಕೈ ಎನಾಮೆಲ್. ಮಟಮಟ ಮಧ್ಯಾಹ್ನ ಬಳಿಯಬೇಡಿ, ಕಾದ ಸರಳಿನ ಮೇಲೆ ಬಣ್ಣ ಗುಳ್ಳೆ ಏಳುತ್ತೆ.

ಚಿಲಕದ ಸಂದಿಯಲ್ಲಿ ಬ್ರಷ್ ಹೋಗದು. ಅದಕ್ಕೆ ಗ್ರಂಥಿಗೆ ಅಂಗಡಿಯಿಂದ ಅಳಲೆಕಾಯಿ ತಂದು, ಕುಟ್ಟಿ ಕುದಿಸಿ, ಸೋಸಿದ ಕಷಾಯವನ್ನು ತಣ್ಣಗಾದ ಮೇಲೆ ಬಳಿಯಿರಿ. ಅದರಲ್ಲಿರುವ ಟ್ಯಾನಿನ್ ಅನ್ನೋ ಒಗರು ಅಂಶ ಉಳಿದ ತುಕ್ಕಿನ ಜೊತೆ ಸೇರಿ ನೀಲಿಗಪ್ಪಾಗುತ್ತೆ. ಕಲಂಕಾರಿ ಬಟ್ಟೆಯ ಕಪ್ಪು ಗೆರೆಗೂ ಇದೇ ಅಳಲೆ, ಇದೇ ಕಬ್ಬಿಣ. ಒಣಗಿದ ಮೇಲೆ ಎಣ್ಣೆ ಹಚ್ಚಿ. ಮಳೆಗೆ ನೆನೆಯುವ ಜಾಗಕ್ಕೆ ಇದಿಷ್ಟೇ ಸಾಲದು, ಮೇಲೆ ಬಣ್ಣ ಬೇಕು.

ರೊಟ್ಟಿ ಹಂಚಿಗೆ ಇದಾವುದೂ ಬೇಡ. ಕಲ್ಲುಪ್ಪು, ತೆಂಗಿನ ನಾರು ಹಾಕಿ ಕೆಂಪು ಹೋಗುವ ತನಕ ತಿಕ್ಕಿ ತೊಳೆದು, ಒಲೆ ಮೇಲಿಟ್ಟು ಒಣಗಿಸಿ, ಅಡುಗೆ ಎಣ್ಣೆ ತೆಳ್ಳಗೆ ಸವರಿ ಹೊಗೆ ಬರುವಷ್ಟು ಕಾಯಿಸಿ. ನಾಲ್ಕೈದು ಸಲ ಹೀಗೆ ಮಾಡಿದರೆ ಕಪ್ಪಗೆ ಪಳಗುತ್ತೆ. ಮೊದಲ ಒಂದೆರಡು ರೊಟ್ಟಿ ದನಕ್ಕೆ ಹಾಕಿ.